ಯುದ್ಧಕಾಲದಲ್ಲಿ ಇಬ್ಬರು ಹೆಂಗಸರ ಪ್ರೀತಿ: ನಾಲ್ಕು ಸಿನಿಮಾಗಳಲ್ಲಿ ಯಾವುದನ್ನು ನೋಡಬೇಕು?

ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಇಬ್ಬರು ಹೆಂಗಸರು ಪ್ರೀತಿಸಿದ ಕಥೆಯಿರುವ ನಾಲ್ಕು ಸಿನಿಮಾಗಳನ್ನು ಒಂದರ ಹಿಂದೆ ಒಂದು ನೋಡಿ ಮುಗಿಸಿದೆ. ಜರ್ಮನಿಯ ‘ಎಮೆ ಅಂಡ್ ಜಾಗ್ವಾರ್’ (1999), ಇಂಗ್ಲೆಂಡಿನ ‘ಸಮರ್‌ಲ್ಯಾಂಡ್’ (2020), ಫ್ರಾನ್ಸಿನ ‘ಕೂ ದ ಫೂದ್ರ್’ (1983), ಸ್ವೀಡನ್ನಿನ ಸಾಕ್ಷ್ಯಚಿತ್ರ ‘ನೆಲ್ಲಿ ಅಂಡ್ ನಾಡೀನ್’ (2022). ಒಂದೇ ಒಂದು ಸಂಜೆ ಬಿಡುವಿದೆ, ಯಾವುದು ನೋಡಲಿ ಅಂತ ಕೇಳಿದರೆ ನಾನು ಮೊದಲನೆಯದನ್ನೇ ಹೇಳುತ್ತೇನೆ. ಜೊತೆಗೆ ಕೂತು ನೋಡಿದ ನಮ್ಮಕ್ಕ ಒಪ್ಪುವುದಿಲ್ಲ, ಅವಳ ತಕರಾರನ್ನೂ ಬರೆಯುತ್ತೇನೆ. ಕಥೆಯ ಗುಟ್ಟುಗಳು ಅಲ್ಲಲ್ಲಿ ರಟ್ಟಾಗುತ್ತವೆ, ಬೇಡವಾದವರು ಇಲ್ಲಿಗೇ ನಿಲ್ಲಿಸಬಹುದು.

ನನ್ನ ಅಳತೆಗೋಲು ಒಂದೇ. ನಿಷಿದ್ಧ ಪ್ರೇಮ ಅಂತ ಹೇಳಿಕೊಂಡು ಬರುವ ಸಿನಿಮಾ, ಆ ಪ್ರೀತಿಯನ್ನು ಬೇಡ ಅಂದವರು ಯಾರು ಅಂತಲೂ ತೋರಿಸಬೇಕು. ಇದು ಕಾಣುವಷ್ಟು ಸುಲಭವಲ್ಲ. ನಾಜಿ ಜರ್ಮನಿಯಲ್ಲಿ ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ ಕುಖ್ಯಾತ 175ನೇ ಕಲಂ ಗಂಡಸರನ್ನಷ್ಟೇ ಜೈಲಿಗೆ ಕಳಿಸುತ್ತಿತ್ತು, ಹೆಂಗಸರ ಮಾತೇ ಅದರಲ್ಲಿರಲಿಲ್ಲ. ಇಂಗ್ಲೆಂಡಿನಲ್ಲಿ 1921ರಲ್ಲಿ ಹೆಂಗಸರನ್ನೂ ಅಪರಾಧಿಗಳ ಸಾಲಿಗೆ ಸೇರಿಸಲು ನೋಡಿದರು, ಸಂಸತ್ತಿನ ಮೇಲ್ಮನೆಯಾದ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಅದು ಬಿದ್ದುಹೋಯಿತು. ಹೆಂಗಸರ ಮೇಲಿನ ಕರುಣೆಯಿಂದೇನೂ ಅಲ್ಲ. ಇಂಥದ್ದೊಂದು ಇದೆ ಅಂತ ಕಾನೂನಿನಲ್ಲಿ ಬರೆದರೆ, ಗೊತ್ತಿಲ್ಲದವರಿಗೂ ಗೊತ್ತಾಗಿಬಿಡುತ್ತದೆ ಅನ್ನುವ ಭಯ! ಅಂದಮೇಲೆ ಪೊಲೀಸರನ್ನು ಬಾಗಿಲಿಗೆ ತಂದು ನಿಲ್ಲಿಸಿದರೆ ಕಥೆ ಮುಗಿಯುವುದಿಲ್ಲ.

‘ಎಮೆ ಅಂಡ್ ಜಾಗ್ವಾರ್’ ಗೆಲ್ಲುವುದು ಇಲ್ಲೇ. ನಡೆದ ಕಥೆ ಇದು, ಎಮೆ ಮತ್ತು ಜಾಗ್ವಾರ್ ಅನ್ನುವುದು ಲಿಲ್ಲಿ, ಫೆಲೀಸ್ ಎಂಬ ಇಬ್ಬರು ಒಬ್ಬರಿಗೊಬ್ಬರು ಇಟ್ಟುಕೊಂಡ ಮುದ್ದಿನ ಹೆಸರುಗಳು. ಬರ್ಲಿನ್ನಿನ ಲಿಲ್ಲಿ ವುಸ್ಟ್ ನಾಲ್ಕು ಮಕ್ಕಳ ತಾಯಿ, ಗಂಡ ಸೈನ್ಯದಲ್ಲಿದ್ದಾನೆ. ನಾಲ್ಕು ಹೆತ್ತಿದ್ದಕ್ಕೆ ಹಿಟ್ಲರನ ಸರ್ಕಾರ ಕೊಡುತ್ತಿದ್ದ ಕಂಚಿನ ಪದಕವೂ ಸಿಕ್ಕಿದೆ. ಫೆಲೀಸ್ ಶ್ರಾಗೆನ್‌ಹೈಮ್ ಯಹೂದಿ, ಸುಳ್ಳು ಹೆಸರಿನಲ್ಲಿ ಅದೇ ಊರಿನಲ್ಲಿ ತಲೆಮರೆಸಿಕೊಂಡಿದ್ದಾಳೆ. ನಿರ್ದೇಶಕ ಮಾಕ್ಸ್ ಫೆರ್ಬರ್‌ಬೊಕ್ ಇವರಿಬ್ಬರನ್ನೂ ದೇವತೆಗಳನ್ನಾಗಿ ಮಾಡಿಲ್ಲ. ಗಂಡನಿಲ್ಲದಾಗ ಮನೆಗೆ ಬೇರೆ ಗಂಡಸರನ್ನು ಕರೆಸಿಕೊಳ್ಳುವ, ಯಹೂದಿಗಳ ಬಗ್ಗೆ ಊರವರು ಆಡಿದ್ದನ್ನೇ ತಾನೂ ಆಡುವ ಹೆಂಗಸು ಲಿಲ್ಲಿ. ಫೆಲೀಸ್‌ಗೋ ಅಪಾಯವೆಂದರೆ ಚಟ, ಹೋಗಿ ಹೋಗಿ ನಾಜಿ ಪತ್ರಿಕೆಯ ಕಚೇರಿಯಲ್ಲೇ ಕೆಲಸ ಹಿಡಿದಿದ್ದಾಳೆ.

ಅವರಿಬ್ಬರು ಮೊದಲ ಸಲ ಕೂಡುವ ದೃಶ್ಯವನ್ನು ನೋಡಿ. ಗಂಡಸರ ವಿಷಯದಲ್ಲಿ ಅಷ್ಟು ಸಲೀಸಾಗಿದ್ದ ಲಿಲ್ಲಿಯ ಮೈಯೆಲ್ಲ ನಡುಗುತ್ತದೆ. ನಾಚಿಕೆಯ ನಡುಕವಲ್ಲ, ಚಳಿಜ್ವರ ಬಂದವರ ಹಾಗೆ ಹಿಡಿತಕ್ಕೇ ಸಿಗದ ನಡುಕ. ಹಿನ್ನೆಲೆಯಲ್ಲಿ ವಯೊಲಿನ್ ಸುರಿಸಿ ಮುಗಿಸಿಬಿಡಬಹುದಿತ್ತು, ಹಾಗೆ ಮಾಡಿಲ್ಲ. ಯೂಲಿಯಾನೆ ಕೋಲರ್ (ಲಿಲ್ಲಿ) ಮತ್ತು ಮರಿಯಾ ಶ್ರಾಡರ್ (ಫೆಲೀಸ್) ಇಬ್ಬರಿಗೂ ಸೇರಿಸಿ ಬರ್ಲಿನ್ ಚಿತ್ರೋತ್ಸವ ಅತ್ಯುತ್ತಮ ನಟಿಯ ‘ಬೆಳ್ಳಿ ಕರಡಿ’ ಪ್ರಶಸ್ತಿ ಕೊಟ್ಟಿತು. ಒಬ್ಬರಿಗೇ ಕೊಟ್ಟಿದ್ದರೆ ಅನ್ಯಾಯವಾಗುತ್ತಿತ್ತು.

1944ರ ಆಗಸ್ಟ್ 21ರಂದು ಇಬ್ಬರೂ ಹಾವೆಲ್ ನದಿಯಲ್ಲಿ ಈಜಿ, ಫೋಟೊ ತೆಗೆದುಕೊಂಡು ಮನೆಗೆ ಬರುತ್ತಾರೆ. ಮನೆಯಲ್ಲಿ ಗೆಸ್ಟಪೊ, ಅಂದರೆ ನಾಜಿಗಳ ಗುಪ್ತ ಪೊಲೀಸ್, ಕಾದಿರುತ್ತದೆ. ಅವರು ಬಂದಿದ್ದು ಯಹೂದಿಯನ್ನು ಹಿಡಿಯಲು, ಪ್ರೇಮಿಗಳನ್ನಲ್ಲ. ಸಿನಿಮಾ ಇದನ್ನು ಎಲ್ಲೂ ಕಲಸುವುದಿಲ್ಲ. ಒಂದೇ ಹಾಸಿಗೆಯಲ್ಲಿ ಮಲಗಿದ ಇಬ್ಬರಲ್ಲಿ ಒಬ್ಬಳಿಗಷ್ಟೇ ಸಾವಿನ ಭಯ. ಇನ್ನೊಬ್ಬಳಿಗೆ ಹೋದರೆ ಹೋಗುವುದು ಮರ್ಯಾದೆ, ಗಂಡ, ಹೆಚ್ಚೆಂದರೆ ಮಕ್ಕಳು. ಈ ಅಸಮಾನತೆ ಪ್ರೀತಿಯೊಳಕ್ಕೂ ನುಸುಳುವುದನ್ನು ಉಳಿದ ಮೂರು ಚಿತ್ರಗಳಲ್ಲಿ ನಾನು ಕಾಣಲಿಲ್ಲ. ಫೆಲೀಸ್ ತಿರುಗಿ ಬರಲಿಲ್ಲ, 1944ರ ಡಿಸೆಂಬರ್ 31 ಅಂತ ದಾಖಲೆಯಲ್ಲಿ ಸಾವಿನ ದಿನ ಬರೆದುಕೊಂಡರು. ಲಿಲ್ಲಿ 2006ರವರೆಗೂ ಬದುಕಿದ್ದರು.

ಕೊರತೆ ಇಲ್ಲವೆಂದಲ್ಲ. ಮುದುಕಿಯಾದ ಲಿಲ್ಲಿ ವೃದ್ಧಾಶ್ರಮಕ್ಕೆ ಬಂದು ಹಳೆಯದನ್ನು ನೆನೆಯುವ ಚೌಕಟ್ಟು ಎಳೆದಾಟ. ಅಕ್ಕ ಆ ಭಾಗದಲ್ಲಿ ಎದ್ದು ಕಾಫಿಗೆ ಹಾಲಿಟ್ಟು ಬಂದಳು, ಕಥೆಯೇನೂ ತಪ್ಪಲಿಲ್ಲ.

‘ಸಮರ್‌ಲ್ಯಾಂಡ್’ ನೋಡಲು ಕಣ್ಣಿಗೆ ಹಬ್ಬ. ಕೆಂಟ್ ಕರಾವಳಿಯ ಸುಣ್ಣದ ಬಂಡೆಗಳು, ಸಮುದ್ರ, ಬೆಟ್ಟದ ಮೇಲೊಂದು ಮನೆ. ಅಲ್ಲಿ ಜಾನಪದ ಕಥೆಗಳ ಬಗ್ಗೆ ಬರೆಯುತ್ತಾ ಕೂತ ಆಲಿಸ್ (ಜೆಮ್ಮಾ ಆರ್ಟರ್ಟನ್), ಊರ ಮಕ್ಕಳನ್ನು ಕಂಡರೆ ಸಿಡಿಮಿಡಿ. ಬಾಂಬ್ ದಾಳಿಗೆ ಹೆದರಿ ಲಂಡನ್ನಿನಿಂದ ಹಳ್ಳಿಗಳಿಗೆ ಸಾಗಿಸಿದ ಮಕ್ಕಳಲ್ಲಿ ಒಬ್ಬ, ಫ್ರಾಂಕ್, ಅವಳ ಪಾಲಿಗೆ ಬರುತ್ತಾನೆ. ಅವಳನ್ನು ಹಿಂದೆ ಬಿಟ್ಟುಹೋದ ವೆರಾಳ (ಗುಗು ಎಂಬಾಥಾ-ರಾ) ಮಗನೇ ಆ ಹುಡುಗ ಅಂತ ಕೊನೆಗೆ ಗೊತ್ತಾಗುತ್ತದೆ. ‘ಅಯ್ಯೋ, ಇದು ನಮ್ಮ ಏಳು ಗಂಟೆ ಸೀರಿಯಲ್ಲೇ ಕಣೇ’ ಅಂದಳು ಅಕ್ಕ. ಇಂಗ್ಲೆಂಡಿನ ಅಷ್ಟು ಮನೆಗಳಲ್ಲಿ ಆ ಹುಡುಗನಿಗೆ ಅದೇ ಮನೆ ಸಿಗಬೇಕೆ? ಆದರೂ ಒಂದು ಮಾತು ಒಪ್ಪಬೇಕು. ವೆರಾ ದೂರವಾಗಲು ಕಾರಣ ಪೊಲೀಸೂ ಅಲ್ಲ, ಪಾದ್ರಿಯೂ ಅಲ್ಲ. ಅವಳಿಗೆ ಮಗು ಬೇಕಿತ್ತು, 1920ರ ದಶಕದಲ್ಲಿ ಆಲಿಸ್ ಜೊತೆಗಿದ್ದು ಅದು ಆಗುವ ಮಾತಾಗಿರಲಿಲ್ಲ. ಇಷ್ಟು ಒಳ್ಳೆಯ ಎಳೆ ಕೈಯಲ್ಲಿಟ್ಟುಕೊಂಡು ನಿರ್ದೇಶಕಿ ಜೆಸಿಕಾ ಸ್ವೇಲ್ ಅದನ್ನು ಎರಡು ಮೂರು ದೃಶ್ಯಕ್ಕೆ ಮುಗಿಸಿದ್ದಾರೆ. ಅಮ್ಮ ಅಪ್ಪನ ಜೊತೆ ಮುಜುಗರವಿಲ್ಲದೆ ನೋಡಬಹುದಾದದ್ದು ಇದೊಂದೇ, ಅದಕ್ಕೂ ಬೆಲೆಯಿದೆ.

ದಿಯಾನ್ ಕ್ಯುರಿಸ್ ತನ್ನ ಅಪ್ಪ ಅಮ್ಮನ ಬದುಕನ್ನೇ ಎತ್ತಿಕೊಂಡು ಮಾಡಿದ ‘ಕೂ ದ ಫೂದ್ರ್’ ಅನ್ನು (‘ಆಂತ್ರ್ ನೂ’ ಅಂತ ಹುಡುಕಿದರೂ ಸಿಗುತ್ತದೆ) ಈ ಗುಂಪಿಗೆ ಸೇರಿಸಲು ಸ್ವಲ್ಪ ಯೋಚಿಸಿದೆ. ಯುದ್ಧ ಮೊದಲ ಭಾಗದಲ್ಲೇ ಮುಗಿದುಹೋಗುತ್ತದೆ. 1942ರಲ್ಲಿ ಬಂಧನ ಶಿಬಿರದಲ್ಲಿ ಸಿಕ್ಕಿಬಿದ್ದ ಯಹೂದಿ ಹುಡುಗಿ ಲೆನಾ (ಇಸಾಬೆಲ್ ಹುಪೇರ್) ಜೀವ ಉಳಿಸಿಕೊಳ್ಳಲೆಂದೇ ಗುರುತಿಲ್ಲದ ಮಿಶೆಲನನ್ನು ಮದುವೆಯಾಗುತ್ತಾಳೆ. ಮದ್ಲೆನ್ (ಮಿಯು-ಮಿಯು) ಅವಳಿಗೆ ಸಿಗುವುದು 1952ರಲ್ಲಿ, ಲಿಯೋನ್ ನಗರದ ಒಂದು ಶಾಲೆಯ ಕಾರ್ಯಕ್ರಮದಲ್ಲಿ. ಅಷ್ಟರಲ್ಲಿ ಇಬ್ಬರಿಗೂ ಗಂಡ, ಮಕ್ಕಳು. ಪ್ರಾಣ ಉಳಿಸಿದ ಗಂಡನನ್ನು ಬಿಡುವುದು ಹೇಗೆ ಅನ್ನುವುದೇ ಇಲ್ಲಿನ ಬೇಲಿ, ಮಿಶೆಲ್ ಕೆಟ್ಟವನೂ ಅಲ್ಲ. ಸಂಸಾರದ ಕಥೆಯಾಗಿ ನಾಲ್ಕರಲ್ಲಿ ಇದೇ ಪಕ್ವ. ಯುದ್ಧದ ಕಥೆ ಬೇಕು ಅಂತ ಕೂತವರಿಗೆ ಅರ್ಧದಲ್ಲಿ ಸಪ್ಪೆ ಅನ್ನಿಸಬಹುದು.

ಅಕ್ಕನ ಆಯ್ಕೆ ‘ನೆಲ್ಲಿ ಅಂಡ್ ನಾಡೀನ್’. ಬೆಲ್ಜಿಯಂನ ಗಾಯಕಿ ನೆಲ್ಲಿ ಮೂಸೆ-ವೋಸ್, ಚೀನಾದ ರಾಜತಾಂತ್ರಿಕನ ಮಗಳು ನಾಡೀನ್ ಹ್ವಾಂಗ್, ಇಬ್ಬರೂ ನಾಜಿಗಳ ರಾವೆನ್ಸ್‌ಬ್ರುಕ್ ಶಿಬಿರದ ಕೈದಿಗಳು. 1944ರ ಕ್ರಿಸ್‌ಮಸ್ ಹಿಂದಿನ ರಾತ್ರಿ ನೆಲ್ಲಿ ಕೈದಿಗಳಿಗಾಗಿ ಹಾಡುತ್ತಿದ್ದಾಗ, ‘ಮದಾಮಾ ಬಟರ್‌ಫ್ಲೈ’ ಒಪೆರಾದ್ದು ಹಾಡಿ ಅಂತ ಕೂಗಿದವಳು ನಾಡೀನ್. ಆಮೇಲೆ ನೆಲ್ಲಿಯನ್ನು ಮೌತ್‌ಹೌಸನ್ ಎಂಬ ಇನ್ನೊಂದು ಶಿಬಿರಕ್ಕೆ ಸಾಗಿಸಿದರು. 1945ರ ಏಪ್ರಿಲ್‌ನಲ್ಲಿ ಸ್ವೀಡನ್ನಿನ ಮಾಲ್ಮೊ ಬಂದರಿಗೆ ಶಿಬಿರಗಳಿಂದ ಬಿಡುಗಡೆಯಾಗಿ ಬಂದಿಳಿದವರ ನಡುವೆ ಒಬ್ಬಳು ನೇರ ಕ್ಯಾಮೆರಾವನ್ನೇ ದಿಟ್ಟಿಸುತ್ತಾಳೆ, ನಗುವುದೂ ಇಲ್ಲ, ಕೈ ಬೀಸುವುದೂ ಇಲ್ಲ. ಆ ಹಳೆಯ ಸುದ್ದಿಚಿತ್ರದಲ್ಲಿದ್ದ ನಾಡೀನ್‌ಳ ಮುಖವನ್ನು ಹಿಡಿದುಕೊಂಡೇ ನಿರ್ದೇಶಕ ಮಾಗ್ನುಸ್ ಯೆರ್ಟೆನ್ ಈ ಚಿತ್ರದವರೆಗೆ ಬಂದದ್ದು. ಇಬ್ಬರೂ ಬದುಕಿ ಉಳಿದು, ಮತ್ತೆ ಸಿಕ್ಕು, ವೆನೆಜುವೆಲಾದ ಕರಾಕಸ್‌ನಲ್ಲಿ ಮನೆ ಮಾಡಿದರು. ಇಲ್ಲಿ ಬಾಯಿ ಮುಚ್ಚಿಸಿದ್ದು ಮನೆತನದ ಮೌನ. ನೆಲ್ಲಿಯ ಮೊಮ್ಮಗಳಿಗೆ ಅಜ್ಜಿಯ ಪತ್ರ, ಡೈರಿ, ರೀಲುಗಳ ಪೆಟ್ಟಿಗೆ ತೆರೆಯಲೇ ವರ್ಷಗಟ್ಟಲೆ ಧೈರ್ಯ ಬಂದಿರಲಿಲ್ಲ.

‘ನಿನ್ನ ಸಿನಿಮಾದಲ್ಲಿ ಒಬ್ಬಳು ಸತ್ತಿದ್ದಕ್ಕೇ ಪ್ರೀತಿ ದೊಡ್ಡದಾಗಿ ಕಾಣುತ್ತೆ. ಇವರು ಅಡುಗೆ ಮಾಡಿಕೊಂಡು, ಪಾರ್ಟಿ ಕೊಟ್ಟುಕೊಂಡು ಬಾಳಿದ್ದಾರೆ, ಅದು ಕಷ್ಟ’ ಅನ್ನುವುದು ಅಕ್ಕನ ವಾದ. ತೆಗೆದುಹಾಕುವ ಮಾತಲ್ಲ. ಆದರೆ ಸಾಕ್ಷ್ಯಚಿತ್ರದಲ್ಲಿ ನಮಗೆ ಸಿಗುವುದು ಆ ಇಬ್ಬರ ಕುರುಹುಗಳು. ಲಿಲ್ಲಿ ನಡುಗಿದ್ದನ್ನು ಮಾತ್ರ ಕಣ್ಣಾರೆ ನೋಡುತ್ತೇವೆ. ನನಗೆ ತಕ್ಕಡಿ ಆ ಕಡೆಗೇ ವಾಲುವುದು.

ಎರಡು ಸಂಜೆ ಸಿಕ್ಕರೆ ಮೊದಲು ‘ಎಮೆ ಅಂಡ್ ಜಾಗ್ವಾರ್’, ಮಾರನೇ ದಿನ ‘ನೆಲ್ಲಿ ಅಂಡ್ ನಾಡೀನ್’ ನೋಡಿ. ಅದಲು ಬದಲು ಮಾಡಬೇಡಿ, ಸಾಕ್ಷ್ಯಚಿತ್ರದ ನಿಜವಾದ ಮುಖಗಳನ್ನು ನೋಡಿದ ಬೆನ್ನಿಗೇ ನಟಿಯರನ್ನು ನೋಡಿದರೆ ಎಷ್ಟು ಚೆನ್ನಾಗಿ ಮಾಡಿದ್ದರೂ ವೇಷದ ಹಾಗೆ ಕಾಣುತ್ತದೆ. ಸಬ್‌ಟೈಟಲ್ ಓದುವ ತಾಳ್ಮೆ ಇಲ್ಲದವರಿಗೆ ‘ಸಮರ್‌ಲ್ಯಾಂಡ್’ ಇದ್ದೇ ಇದೆ.