ಏಳು ವರ್ಷ ಆಡಿದ ಮೇಲೆ: ಡಂಜನ್ಸ್ ಆಂಡ್ ಡ್ರ್ಯಾಗನ್ಸ್‌ನ ಕವರ್ ನಿಯಮ

ಡೊಂಬಿವಲಿಯ ನಮ್ಮ ಮನೆಯಲ್ಲಿ ಏಳು ವರ್ಷದಿಂದ ಭಾನುವಾರ ಮಧ್ಯಾಹ್ನ ಡಂಜನ್ಸ್ ಆಂಡ್ ಡ್ರ್ಯಾಗನ್ಸ್ ಆಡುತ್ತಿದ್ದೇವೆ. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಅದರ ಪಾತ್ರಗಳಾಗಿ ದಾಳ ಹಾಕಿ ಹೋರಾಡುತ್ತಾರೆ, ಅಂಥ ಆಟ. ಐದು ಜನ, ಎಲ್ಲರೂ ಕನ್ನಡದವರು. ಆಟ ನಡೆಸುವವನು ನಾನು. ಪುಸ್ತಕ 5ನೇ ಆವೃತ್ತಿಯ 2014ರ ಪ್ಲೇಯರ್ಸ್ ಹ್ಯಾಂಡ್‌ಬುಕ್. ಇಲ್ಲಿ ಕವರ್ ನಿಯಮದ ಬಗ್ಗೆ ಮಾತ್ರ ಬರೆಯುತ್ತೇನೆ. ನಮ್ಮಲ್ಲಿ ಜಾಸ್ತಿ ಜಗಳ ಆಗಿದ್ದು ಅದಕ್ಕೇ.

ಕವರ್ ಅಂದರೆ ಹೊಡೆತಕ್ಕೂ ಗುರಿಗೂ ನಡುವೆ ಅಡ್ಡ ಬರುವ ಗೋಡೆ, ಮರದಂಥದ್ದು. ನಾವು ಅದನ್ನು ಮರೆ ಅನ್ನುತ್ತೇವೆ. ಅರ್ಧ ಮರೆಗೆ ಎಸಿಗೂ (ಹೊಡೆತ ತಾಗಲು ದಾಳದ ಒಟ್ಟು ಮುಟ್ಟಬೇಕಾದ ಸಂಖ್ಯೆ) ಡೆಕ್ಸ್ಟೆರಿಟಿ ಸೇವ್‌ಗೂ (ಚುರುಕಾಗಿ ತಪ್ಪಿಸಿಕೊಳ್ಳಲು ಹಾಕುವ ದಾಳ) 2 ಸೇರುತ್ತದೆ, ಮುಕ್ಕಾಲು ಮರೆಗೆ 5. ಪೂರ್ತಿ ಮರೆಯಲ್ಲಿದ್ದರೆ ನೇರವಾಗಿ ಗುರಿ ಇಡಲು ಆಗುವುದಿಲ್ಲ. ಎರಡು ಮರೆ ಇದ್ದರೂ ಕೂಡಿಸುವ ಹಾಗಿಲ್ಲ, ದೊಡ್ಡದೊಂದೇ ಲೆಕ್ಕ.

ಮೊದಲ ವರ್ಷದ ಒಂದು ಆಟ ಇನ್ನೂ ಕಣ್ಣ ಮುಂದಿದೆ. ಎದುರಿಗೆ ಗಾಬ್ಲಿನ್ ಅನ್ನುವ ಪುಟ್ಟ ರಾಕ್ಷಸ, ಎಸಿ 15. ನಮ್ಮ ಬಿಲ್ಲುಗಾರನಿಗೆ ದಾಳ ಬಿದ್ದು ಒಟ್ಟು 16 ಬಂತು. ‘ತಾಗ್ತು!’ ಅಂತ ಎದ್ದೇ ನಿಂತ. ಮಧ್ಯದಲ್ಲಿ ನಮ್ಮದೇ ಫೈಟರ್ ಇದ್ದ. ‘ಅವನಿಂದ ಅರ್ಧ ಮರೆ, 17 ಬೇಕು’ ಅಂದೆ. ‘ನಮ್ಮವನೇ ಅಲ್ವಾ ಅಣ್ಣಾ, ಬಗ್ಗಲ್ವಾ?’ ಅಂದ. ಪುಸ್ತಕದಲ್ಲಿ ಸ್ಪಷ್ಟವಾಗಿದೆ: ಮಧ್ಯೆ ನಿಂತವರು ಶತ್ರುವಾಗಲಿ ಸ್ನೇಹಿತನಾಗಲಿ, ಅರ್ಧ ಮರೆಯೇ. ನಿಯಮ ಸರಿಯಿತ್ತು. ಆದರೆ ದಾಳ ಬಿದ್ದ ಮೇಲೆ ಹೇಳಿದ್ದು ನನ್ನ ತಪ್ಪು. ಅವನ ಮುಖ ಬಾಡಿದ್ದು ನೋಡಿ ಬೇಜಾರಾಯಿತು. ಅಂದಿನಿಂದ ದಾಳ ಕೈಗೆತ್ತಿಕೊಳ್ಳುವ ಮೊದಲೇ ಎಷ್ಟು ಮರೆ ಅಂತ ಹೇಳಿಬಿಡುತ್ತೇನೆ.

ಅರ್ಧವೋ ಮುಕ್ಕಾಲೋ ಅನ್ನುವುದೇ ಕಷ್ಟದ ವಿಷಯ. ಪುಸ್ತಕ ತೆಳ್ಳಗಿನ ಮರದ ಕಾಂಡಕ್ಕೆ ಅರ್ಧ, ದಪ್ಪದ ಕಾಂಡಕ್ಕೆ ಮುಕ್ಕಾಲು ಅನ್ನುತ್ತದೆ. ಎಷ್ಟು ದಪ್ಪ? ನಮ್ಮ ಮನೆಯಲ್ಲಿ ತೆಂಗು ಅರ್ಧ, ಹುಣಸೆ ಮುಕ್ಕಾಲು. ಆಮೇಲೆ ಆ ಮಾತು ಎದ್ದಿಲ್ಲ.

ಚೌಕದ ನಕ್ಷೆ ಹಾಸಿ ಆಡುವವರಿಗೆ ಪಕ್ಕಾ ಲೆಕ್ಕವೇ ಇದೆ. ಆದರೆ ಅದು ಇರುವುದು ಆಟ ನಡೆಸುವವನ ಪುಸ್ತಕವಾದ ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲಿ. ಆಟಗಾರರ ಕೈಯಲ್ಲಿರುವ ಪುಸ್ತಕದಲ್ಲೇ ಇರಬೇಕಿತ್ತು. ಹೊಡೆಯುವವನ ಚೌಕದ ಒಂದು ಮೂಲೆ ಆರಿಸಿಕೊಳ್ಳಬೇಕು. ಅಲ್ಲಿಂದ ಗುರಿಯ ಚೌಕದ ನಾಲ್ಕೂ ಮೂಲೆಗೆ ಗೆರೆ ಎಳೆಯಬೇಕು. ಒಂದೆರಡು ಗೆರೆಗೆ ಅಡ್ಡಿ ಬಂದರೆ ಅರ್ಧ ಮರೆ. ಮೂರು ನಾಲ್ಕಕ್ಕೆ ಅಡ್ಡಿ ಇದ್ದೂ ಬಾಣ ಹೋಗುವಂತಿದ್ದರೆ ಮುಕ್ಕಾಲು. ನಾವು ಗೆರೆಗೆ ಅಮ್ಮ ಮಲ್ಲಿಗೆ ಕಟ್ಟುವ ಬಿಳಿ ದಾರ ಹಿಡಿಯುತ್ತೇವೆ. ಒಂದು ತುದಿ ಬಿಲ್ಲುಗಾರನ ಬೆರಳಲ್ಲಿ, ಇನ್ನೊಂದು ನನ್ನ ಬೆರಳಲ್ಲಿ. ದಾರ ಗೋಡೆಯ ಗೆರೆ ದಾಟಿದರೆ ಎಲ್ಲರಿಗೂ ಕಾಣುತ್ತದೆ. ವಾದಕ್ಕೆ ಜಾಗವೇ ಇಲ್ಲ.

ಸೇವ್‌ಗೂ ಮರೆ ಸೇರುತ್ತದೆ ಅನ್ನುವುದನ್ನು ಬಹಳ ಜನ ಮರೆಯುತ್ತಾರೆ. ಫೈರ್‌ಬಾಲ್ (ಸಿಡಿಯುವ ಬೆಂಕಿಯುಂಡೆಯ ಮಂತ್ರ) ಬಿದ್ದಾಗ ಅದು ಸಿಡಿದ ಜಾಗದಿಂದ ಅಳೆಯಿರಿ, ಮಂತ್ರ ಹಾಕಿದವನಿಂದಲ್ಲ. ಹೋದ ತಿಂಗಳು ನಮ್ಮ ಕ್ಲೆರಿಕ್‌ಗೆ (ಪೂಜಾರಿಣಿ ಪಾತ್ರ) ಸೇವ್‌ನಲ್ಲಿ 15 ಬೇಕಿತ್ತು, ಬಂದಿದ್ದು 13. ಸಿಡಿದ ಜಾಗಕ್ಕೂ ಅವಳಿಗೂ ನಡುವೆ ಮೋಟು ಗೋಡೆ ಇತ್ತು. ಅರ್ಧ ಮರೆಯ 2 ಸೇರಿ 15 ಆಯಿತು, ಅರ್ಧ ಪೆಟ್ಟಷ್ಟೇ ತಿಂದು ಬದುಕಿದಳು. ಸೇಕ್ರೆಡ್ ಫ್ಲೇಮ್ ಅನ್ನುವ ಮಂತ್ರ ಮಾತ್ರ ಬೇರೆ, ಅದರ ಮುಂದೆ ಈ 2, 5 ನಡೆಯುವುದಿಲ್ಲ.

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದು ಕಡಿಮೆ ಮಾಡಿದ್ದು ಆ ಗೆರೆಯ ಲೆಕ್ಕ ಬೇರೆ ಪುಸ್ತಕದಲ್ಲಿ ಇದ್ದಿದ್ದಕ್ಕೆ. 2024ರ ಹೊಸ ಪುಸ್ತಕದಲ್ಲೂ 2, 5 ಹಾಗೇ ಇವೆ. ಯಾವುದು ಕೊಂಡರೂ ಪಕ್ಕದಲ್ಲಿ ಒಂದು ದಾರದ ಉಂಡೆ ಇಟ್ಟುಕೊಳ್ಳಿ.