ಇಎಸ್‌ಐ ಕಾಯಿಲೆ ಭತ್ಯೆ: ಕಾರ್ಖಾನೆಯವರು ಇಲ್ಲವೆಂದರೂ ಕೈಗೆ ಬಂದ ಹಣ

ಕಳೆದ ಫೆಬ್ರುವರಿಯಲ್ಲಿ ನನಗೆ ಕಾಮಾಲೆಯಾಗಿ ಇಪ್ಪತ್ತೆಂಟು ದಿನ ಕೆಲಸ ತಪ್ಪಿತು. ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಘಟಕದಲ್ಲಿ ನಾನು ಉಗ್ರಾಣದ ಲೆಕ್ಕ ನೋಡಿಕೊಳ್ಳುತ್ತೇನೆ. ಅಡಿಕೆ ಕೊಯ್ಲಿಗೆಂದು ನವೆಂಬರ್, ಡಿಸೆಂಬರಿನಲ್ಲಿ ಊರಿಗೆ ಹೋಗಿ ಬಹಳ ರಜೆ ಹಾಕಿದ್ದೆನಾದ್ದರಿಂದ, ‘ನಿಮಗೆ ಸಂಬಳವೂ ಇಲ್ಲ, ಇಎಸ್‌ಐ ದುಡ್ಡೂ ಬರುವುದಿಲ್ಲ’ ಎಂದು ಕಚೇರಿಯವರು ಖಚಿತವಾಗಿ ಹೇಳಿಬಿಟ್ಟರು. ನಾನೂ ನಂಬಿದ್ದೆ.

ಆದರೆ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆಯ ಈ ಕಾಯಿಲೆ ಭತ್ಯೆ ಮಾಲೀಕರು ಕೊಡುವುದೂ ಅಲ್ಲ, ಬೇಡವೆನ್ನಲು ಅವರಿಗೆ ಅಧಿಕಾರವೂ ಇಲ್ಲ. ಪ್ರತಿ ತಿಂಗಳು ನಮ್ಮ ಸಂಬಳದಿಂದ ಶೇ. 0.75, ಮಾಲೀಕರಿಂದ ಶೇ. 3.25 ವಂತಿಗೆ ಪಡೆಯುವ ವಿಮಾ ನಿಗಮವೇ ಅದನ್ನು ನೇರವಾಗಿ ನಮ್ಮ ಬ್ಯಾಂಕ್ ಖಾತೆಗೆ ಹಾಕುತ್ತದೆ. ಅರ್ಹತೆಯನ್ನು ಅಳೆಯುವುದು ಕಾಯಿಲೆ ಬೀಳುವ ಮುಂಚಿನ ಒಂದೆರಡು ತಿಂಗಳ ಹಾಜರಿಯಿಂದಲ್ಲ. ಜನವರಿಯಿಂದ ಜೂನ್‌ವರೆಗೆ ಕಾಯಿಲೆಯಾದವರಿಗೆ ಹಿಂದಿನ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಆರು ತಿಂಗಳನ್ನೂ, ಜುಲೈಯಿಂದ ಡಿಸೆಂಬರ್‌ವರೆಗೆ ಕಾಯಿಲೆಯಾದವರಿಗೆ ಹಿಂದಿನ ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನ ಆರು ತಿಂಗಳನ್ನೂ ನೋಡುತ್ತಾರೆ. ಆ ಅವಧಿಯಲ್ಲಿ 78 ದಿನಗಳ ವಂತಿಗೆ ಸಂದಿದ್ದರೆ ಸಾಕು. ನನ್ನದು 150 ದಿನ ಸಂದಿತ್ತು. ಕೊಯ್ಲಿನ ರಜೆ ಈ ಲೆಕ್ಕದೊಳಗೆ ಬರಲೇ ಇಲ್ಲ.

ಇಎಸ್‌ಐ ಡಿಸ್ಪೆನ್ಸರಿಯ ವೈದ್ಯರು ನನ್ನ ಕಣ್ಣಿನ ಕೆಳರೆಪ್ಪೆ ಸರಿಸಿ ನೋಡಿ, ರಕ್ತಪರೀಕ್ಷೆಗೆ ಬರೆದುಕೊಟ್ಟು, ಅಂದಿನ ತಾರೀಖು ಹಾಕಿ ಮೊದಲ ಪ್ರಮಾಣಪತ್ರ ಕೊಟ್ಟರು. ಕೆಲಸಕ್ಕೆ ಹೋಗಬಹುದೆಂಬ ಕೊನೆಯ ಪ್ರಮಾಣಪತ್ರ ಸಿಗುವವರೆಗೆ, ಕರೆದ ದಿನಗಳಂದು ತಪ್ಪದೆ ಹೋಗಿ ತೋರಿಸಿಕೊಂಡೆ. ಈ ಚೀಟಿಗಳೇ ಭತ್ಯೆಗೆ ಆಧಾರವಾದ್ದರಿಂದ ಒಂದನ್ನೂ ಕಳೆದುಕೊಳ್ಳಬಾರದು. ಭತ್ಯೆ ಸರಾಸರಿ ದಿನಗೂಲಿಯ ಶೇ. 70, ವರ್ಷಕ್ಕೆ ಹೆಚ್ಚೆಂದರೆ 91 ದಿನ. ಆರು ತಿಂಗಳ ನನ್ನ ಸಂಬಳ 90,000 ರೂಪಾಯಿ, ಅಂದರೆ ದಿನಕ್ಕೆ 600. ಅದರಲ್ಲಿ 420 ರೂಪಾಯಿಯಂತೆ 22 ದಿನಕ್ಕೆ 9,240 ರೂಪಾಯಿ ಖಾತೆಗೆ ಬಂತು. ತಿಂಗಳಿಗೆ 113 ರೂಪಾಯಿ ಹಿಡಿಯುತ್ತಾರಲ್ಲ ಎಂದು ಗೊಣಗುತ್ತಿದ್ದ ನನಗೆ ಮನೆಬಾಡಿಗೆ, ಹಾಲು, ದಿನಸಿ ಅದರಲ್ಲೇ ನಡೆದದ್ದು ದೊಡ್ಡ ಆಸರೆಯಾಯಿತು. ಹೀಗೆ ಭತ್ಯೆಯಲ್ಲಿರುವಾಗ ಕೆಲಸದಿಂದ ತೆಗೆಯುವಂತಿಲ್ಲ ಎಂಬ ರಕ್ಷಣೆಯಂತೂ ನನ್ನ ದೃಷ್ಟಿಯಲ್ಲಿ ಹಣಕ್ಕಿಂತ ಮೇಲು.

ಒಪ್ಪಲಾಗದ ನಿಯಮಗಳೂ ಇವೆ. ಕಾಯಿಲೆಯ ಮೊದಲ ಎರಡು ದಿನಕ್ಕೆ ಭತ್ಯೆಯಿಲ್ಲ. ಹಿಂದಿನ ಕಾಯಿಲೆ ಮುಗಿದು ಹದಿನೈದು ದಿನದೊಳಗೆ ಮತ್ತೆ ಮಲಗಿದವರಿಗೆ ಮಾತ್ರ ಇದರಿಂದ ವಿನಾಯಿತಿ. ಎರಡು ಮೂರು ದಿನದ ಜ್ವರಕ್ಕೆ ಹಾಗಾಗಿ ಈ ಸೌಲಭ್ಯದಿಂದ ಹೆಚ್ಚು ಉಪಯೋಗವಿಲ್ಲ. 2017ರಲ್ಲಿ ನಿಗದಿಯಾದ 21,000 ರೂಪಾಯಿಯ ಸಂಬಳದ ಮಿತಿಯೂ, ಅದಕ್ಕಿಂತ ಐನೂರು ಹೆಚ್ಚು ಪಡೆಯುವವರನ್ನು ಪೂರಾ ಹೊರಗಿಡುವುದರಿಂದ, ನನಗೆ ಅನ್ಯಾಯವೆನಿಸುತ್ತದೆ.

ಸಂಬಳದ ಚೀಟಿಯಲ್ಲಿ ವಂತಿಗೆ ಹಿಡಿದಿದ್ದರೂ ಮಾಲೀಕರು ಅದನ್ನು ಕಟ್ಟಿರಲಿಕ್ಕಿಲ್ಲ. ನಿಗಮದ ಜಾಲತಾಣದಲ್ಲಿ ನಮ್ಮ ವಿಮಾ ಸಂಖ್ಯೆ ಹಾಕಿ ಆಗಾಗ ನೋಡಿಕೊಳ್ಳುವುದು ಒಳ್ಳೆಯದು. ಕಟ್ಟದೆ ಉಳಿಸಿಕೊಂಡಿದ್ದರೆ, ಕಾರ್ಮಿಕರಿಗೆ ಸಲ್ಲಬೇಕಾದದ್ದನ್ನು ನಿಗಮ ತಾನೇ ಕೊಟ್ಟು ಮಾಲೀಕರಿಂದ ವಸೂಲು ಮಾಡಲು ಕಾನೂನಿನಲ್ಲಿ ಅವಕಾಶವಿದೆ.

ಇಪ್ಪತ್ತೆಂಟು ದಿನ ಮಲಗಿದವನಿಗೆ ಇಪ್ಪತ್ತೆರಡೇ ದಿನದ ಹಣ ಏಕೆಂದರೆ, ಎರಡು ದಿನ ನಿಯಮದಲ್ಲಿ ಹೋದವು, ಉಳಿದ ನಾಲ್ಕು ನನ್ನ ತಿಳಿವಳಿಕೆ ಸಾಲದೆ ಹೋದವು. ಕಾಮಾಲೆ ಎಂದೊಡನೆ ಮಲೆನಾಡಿನ ಎಲ್ಲರಂತೆ ನಾನೂ ಊರಿಗೆ ಹೋಗಿ ನಾಟಿ ಔಷಧ ಕುಡಿದು ಪಥ್ಯ ಹಿಡಿದೆ. ಪಥ್ಯ ಮಾಡಿದ್ದಕ್ಕೆ ಬೇಸರವಿಲ್ಲ, ಆದರೆ ಊರಿಗೆ ಹೊರಡುವ ಮೊದಲು ಡಿಸ್ಪೆನ್ಸರಿಗೆ ಹೋಗಿ ಕಣ್ಣು ತೋರಿಸಿದ್ದರೆ ಆ ನಾಲ್ಕು ದಿನಗಳೂ ಚೀಟಿಯಲ್ಲಿ ಬರುತ್ತಿದ್ದವು.