ಮೇಕ್, ಜಸ್ಟ್, ಟಾಸ್ಕ್, ಬೇಜಲ್: ಒಂದೇ ರೆಪೊದಲ್ಲಿ ಎಲ್ಲವನ್ನೂ ಓಡಿಸಿ ನೋಡಿದ ಮೇಲೆ

ಬಿಲ್ಡ್ ಸಾಧನಗಳ (ಬರೆದ ಕೋಡ್‌ನಿಂದ ಬಳಕೆಗೆ ಸಿದ್ಧವಾದ ಫೈಲ್‌ಗಳನ್ನು ಕಟ್ಟಿಕೊಡುವ ಸಾಧನಗಳ) ಬಗ್ಗೆ ಕಚೇರಿಗಳಲ್ಲಿ ನಡೆಯುವ ಜಗಳಗಳಲ್ಲಿ ಅರ್ಧಕ್ಕರ್ಧ ಹುಟ್ಟುವುದು ಎರಡು ಬೇರೆ ಕೆಲಸಗಳನ್ನು ಒಂದೇ ಎಂದು ಎಣಿಸುವುದರಿಂದ. ಯಾವ ಫೈಲ್‌ನಿಂದ ಯಾವ ಫೈಲ್ ತಯಾರಾಗುತ್ತದೆ ಎಂಬ ಲೆಕ್ಕವಿಟ್ಟುಕೊಂಡು ಬದಲಾದದ್ದನ್ನಷ್ಟೇ ಮತ್ತೆ ಕಟ್ಟುವುದು ಒಂದು ಕೆಲಸ. ಉದ್ದುದ್ದ ಕಮಾಂಡ್‌ಗಳಿಗೆ ಗಿಡ್ಡ ಹೆಸರಿಟ್ಟು, ತಂಡದಲ್ಲಿ ಯಾರು ಬೇಕಾದರೂ ಇನ್ನೊಬ್ಬರನ್ನು ಕೇಳದೆ ಓಡಿಸುವಂತೆ ಮಾಡುವುದು ಇನ್ನೊಂದು. ಮೊದಲನೆಯದಕ್ಕೆ ಒಳ್ಳೆಯದಾದ ಸಾಧನ ಎರಡನೆಯದಕ್ಕೂ ಒಗ್ಗುತ್ತದೆ ಎಂದು ನಂಬಬೇಕಾಗಿಲ್ಲ.

ನಾನು ಮೇಕ್, ಜಸ್ಟ್, ಟಾಸ್ಕ್, ಬೇಜಲ್ ಎಂಬ ನಾಲ್ಕು ಸಾಧನಗಳನ್ನು ಪರೀಕ್ಷಿಸಿದ್ದು ಜಯನಗರದಲ್ಲಿರುವ ನಮ್ಮ ಸಣ್ಣ ಕಚೇರಿಯ ರೆಪೊದಲ್ಲಿ, ಅಂದರೆ ಕೋಡೆಲ್ಲ ಒಟ್ಟಿಗಿರುವ ಸಂಗ್ರಹದಲ್ಲಿ. ಅದರಲ್ಲಿ ಗೋ ಭಾಷೆಯ ಸರ್ವರ್, ಟೈಪ್‌ಸ್ಕ್ರಿಪ್ಟ್‌ನಲ್ಲಿ ಬರೆದ ವೆಬ್ ಭಾಗ, ಒಂದು ಆಂಡ್ರಾಯ್ಡ್ ಆ್ಯಪ್ ಮತ್ತು ಗ್ರಾಹಕರಿಗೆ ಕೊಡುವ ಕನ್ನಡ ಕೈಪಿಡಿ ಇವೆ. ಸರ್ವರ್ ಬರೆಯುವವರು ಲಿನಕ್ಸ್‌ನಲ್ಲಿ, ವಿನ್ಯಾಸದವರು ಮ್ಯಾಕ್‌ನಲ್ಲಿ, ಟೆಸ್ಟಿಂಗ್‌ನವರು ವಿಂಡೋಸ್‌ನಲ್ಲಿ ಕೆಲಸ ಮಾಡುತ್ತಾರೆ. ಮಳೆ ಜೋರಾದರೆ ಎಲ್ಲರೂ ಅವರವರ ಮನೆಯಿಂದ. ಈ ಹಿನ್ನೆಲೆ ಹೇಳಿದ್ದೇಕೆಂದರೆ, ಒಂದೇ ಭಾಷೆ, ಒಂದೇ ಬಗೆಯ ಲ್ಯಾಪ್‌ಟಾಪ್ ಇರುವ ತಂಡಕ್ಕೆ ನನ್ನ ತೀರ್ಮಾನಗಳಲ್ಲಿ ಹಲವು ಅನ್ವಯಿಸುವುದಿಲ್ಲ.

ಮೊದಲು ಮೇಕ್. 1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಬರೆದ ಈ ಸಾಧನಕ್ಕೆ 2003ರಲ್ಲಿ ಕಂಪ್ಯೂಟರ್ ತಜ್ಞರ ಎಸಿಎಂ ಸಂಸ್ಥೆಯ ಸಾಫ್ಟ್‌ವೇರ್ ಸಿಸ್ಟಂ ಪ್ರಶಸ್ತಿಯೂ ಸಂದಿದೆ. ಕಮಾಂಡ್ ಸಾಲಿನ ಮೊದಲಿಗೆ ಟ್ಯಾಬ್ ಇರಲೇಬೇಕು, ಸ್ಪೇಸ್ ನಡೆಯದು ಎಂಬ ಕುಖ್ಯಾತ ನಿಯಮ ಆರಂಭದ ದಿನಗಳದ್ದೇ. ಅದನ್ನು ಸರಿಪಡಿಸಬೇಕೆನ್ನುವಷ್ಟರಲ್ಲಿ ಹತ್ತು ಹನ್ನೆರಡು ಜನ ಬಳಸತೊಡಗಿದ್ದರು, ಅವರಿಗೆ ತೊಂದರೆ ಕೊಡುವುದು ಬೇಡವೆಂದು ಹಾಗೆಯೇ ಬಿಟ್ಟರು. ಆ ಹತ್ತು ಹನ್ನೆರಡು ಜನರ ದಾಕ್ಷಿಣ್ಯದ ಸಾಲವನ್ನು ಎಡಿಟರ್‌ಗಳ ಸೆಟ್ಟಿಂಗ್ ಬದಲಿಸಿಕೊಂಡು ನಾವು ಇಂದಿಗೂ ತೀರಿಸುತ್ತಿದ್ದೇವೆ.

ಆದರೆ ನಮ್ಮ ಕೈಪಿಡಿಯ ಕೆಲಸದಲ್ಲಿ ಮೇಕ್‌ಗೆ ಸಾಟಿಯಾದದ್ದು ನನಗೆ ಸಿಗಲಿಲ್ಲ. ಅಧ್ಯಾಯಗಳು ಮಾರ್ಕ್‌ಡೌನ್ ಎಂಬ ಸರಳ ಪಠ್ಯರೂಪದಲ್ಲಿವೆ, ಚಿತ್ರಗಳು ಎಸ್‌ವಿಜಿ ರೂಪದಲ್ಲಿವೆ, ಪ್ಯಾಂಡಾಕ್ ಎಂಬ ಪರಿವರ್ತಕ ಕೊನೆಗೆ ಪಿಡಿಎಫ್ ಮಾಡುತ್ತದೆ. ಎಸ್‌ವಿಜಿಯಿಂದ ಪಿಎನ್‌ಜಿ ಮಾಡುವ ಬಗೆಯನ್ನು ಶೇಕಡಾ ಚಿಹ್ನೆಯಿರುವ ಒಂದೇ ನಿಯಮದಲ್ಲಿ ಬರೆದರೆ ಫೋಲ್ಡರ್‌ನಲ್ಲಿರುವ ಎಲ್ಲ ಚಿತ್ರಗಳಿಗೂ ಅದು ಸಾಕು. ಒಂದು ಚಿತ್ರ ತಿದ್ದಿದರೆ ಆ ಒಂದು ಚಿತ್ರ ಮಾತ್ರ ಮತ್ತೆ ತಯಾರಾಗುತ್ತದೆ. ಹಲವು ಕೆಲಸಗಳನ್ನು ಒಟ್ಟಿಗೆ ನಡೆಸುವ ಜೆ ಆಯ್ಕೆ ಕೊಟ್ಟರೆ ಪ್ರೊಸೆಸರ್‌ನ ಉಳಿದ ಕೋರ್‌ಗಳೂ ದುಡಿಯುತ್ತವೆ. ಐವತ್ತು ವರ್ಷ ಹಳೆಯ ಸಾಧನ ಇದನ್ನು ಇಷ್ಟು ಕಡಿಮೆ ಅಕ್ಷರಗಳಲ್ಲಿ ಮಾಡುವುದನ್ನು ಕಂಡಾಗ ಟ್ಯಾಬ್‌ನ ಕೋಪ ಇಳಿಯುತ್ತದೆ.

ಫೈಲ್ ಹೆಸರಿನಲ್ಲಿ ಖಾಲಿ ಜಾಗ ಇದ್ದರೆ ಮಾತ್ರ ಕಥೆ ಬೇರೆ. ಕನ್ನಡ ಅಕ್ಷರಗಳಿಗೆ ಮೇಕ್‌ನ ತಕರಾರಿಲ್ಲ. ಆದರೆ ‘ಅಧ್ಯಾಯ 3’ ಎಂದು ಹೆಸರಿಟ್ಟ ಫೈಲ್ ಅದಕ್ಕೆ ಎರಡು ಫೈಲ್‌ಗಳಾಗಿ ಕಾಣುತ್ತದೆ. ಬರಹಗಾರರಿಗೆ ಅಡಿಗೆರೆ ಬಳಸಿ ಎಂದು ಹೇಳುವುದೊಂದೇ ದಾರಿ. ಇನ್ನೊಂದು ಕೊರತೆ ಇದಕ್ಕಿಂತ ಆಳವಾದದ್ದು. ಮೇಕ್ ನೋಡುವುದು ಫೈಲ್‌ಗಳ ಸಮಯವನ್ನು ಮಾತ್ರ. ಚಿತ್ರದ ರೆಸಲ್ಯೂಷನ್ ಹೆಚ್ಚಿಸಲು ಕಮಾಂಡ್ ತಿದ್ದಿದರೆ, ಮೂಲ ಫೈಲ್ ಬದಲಾಗದ ಕಾರಣ ಅದು ಹಳೆಯ ಚಿತ್ರವನ್ನೇ ಇಟ್ಟುಕೊಳ್ಳುತ್ತದೆ. ಇದೇ ಜಾತಿಯ ನಿಂಜಾ ಹಿಂದಿನ ಕಮಾಂಡನ್ನು ನೆನಪಿಟ್ಟುಕೊಂಡು ಹೋಲಿಸಿ ನೋಡುತ್ತದೆ. ಮೇಕ್‌ಗೆ ತಾನಾಗಿ ಆ ನೆನಪಿಲ್ಲ.

ಕಮಾಂಡ್‌ಗಳಿಗೆ ಹೆಸರಿಡುವ ಎರಡನೆಯ ಕೆಲಸಕ್ಕೆ ಹಚ್ಚಿದರೆ ಮೇಕ್ ಕಾಡತೊಡಗುತ್ತದೆ. ರೆಪೊದಲ್ಲಿ ‘ಟೆಸ್ಟ್’ ಎಂಬ ಫೋಲ್ಡರ್ ಇದ್ದು, ಮೇಕ್‌ನ ನಿಯಮಗಳಿರುವ ಮೇಕ್‌ಫೈಲ್‌ನಲ್ಲೂ ಅದೇ ಹೆಸರಿನ ಟಾರ್ಗೆಟ್ (ತಯಾರಾಗಬೇಕಾದದ್ದರ ಹೆಸರು) ಇದ್ದರೆ, ‘ಇದು ಆಗಲೇ ಸಿದ್ಧವಾಗಿದೆ’ ಎಂದು ಹೇಳಿ ಮೇಕ್ ಸುಮ್ಮನಾಗುತ್ತದೆ. ಒಂದು ಪರೀಕ್ಷೆಯೂ ನಡೆದಿರುವುದಿಲ್ಲ, ಕೋಡ್ ಸೇರಿಸಿದಾಗಲೆಲ್ಲ ತಾನಾಗಿ ಪರೀಕ್ಷೆ ಓಡಿಸುವ ಸಿಐನಲ್ಲಿ ಹಸಿರು ಗುರುತು ಬಿದ್ದಿರುತ್ತದೆ. ಟಾರ್ಗೆಟ್ ಫೋನಿ (ಫೈಲ್ ಅಲ್ಲ, ಬರೀ ಹೆಸರು) ಎಂದು ಘೋಷಿಸಿದರೆ ಸರಿಹೋಗುತ್ತದೆ, ನಿಜ. ಆದರೆ ಟಾರ್ಗೆಟ್‌ಗಳೆಲ್ಲವನ್ನೂ ಫೋನಿ ಮಾಡಿದ ಮೇಲೆ ಮೇಕ್‌ನ ಮುಖ್ಯ ಗುಣವನ್ನೇ ಆರಿಸಿಟ್ಟಂತಾಯಿತು. ಜೊತೆಗೆ ಪ್ರತಿ ಸಾಲೂ ಹೊಸ ಶೆಲ್‌ನಲ್ಲಿ (ಕಮಾಂಡ್ ಓದಿ ನಡೆಸುವ ಪ್ರೋಗ್ರಾಂ) ಓಡುವುದರಿಂದ ಒಂದು ಸಾಲಿನಲ್ಲಿ ಫೋಲ್ಡರ್ ಬದಲಿಸಿದ್ದು ಮುಂದಿನ ಸಾಲಿಗೆ ತಿಳಿಯುವುದಿಲ್ಲ. ಇದಕ್ಕೆ ಮದ್ದಾದ ಒನ್‌ಶೆಲ್ ಸೌಲಭ್ಯ 3.82ನೇ ಆವೃತ್ತಿಯಲ್ಲಿ ಬಂತು; ಮ್ಯಾಕ್‌ನೊಂದಿಗೆ ಬರುವುದು 2006ರ 3.81. ಅಲ್ಲಿ ಅದು ದೂರು ಕೂಡ ಹೇಳದೆ ಆ ಸಾಲನ್ನು ಕಡೆಗಣಿಸುತ್ತದೆ.

ಜಸ್ಟ್ ಹುಟ್ಟಿರುವುದೇ ಈ ಎರಡನೆಯ ಕೆಲಸಕ್ಕಾಗಿ. ರಸ್ಟ್‌ನಲ್ಲಿ ಬರೆದ ಈ ಸಾಧನ ತಾನು ಬಿಲ್ಡ್ ಸಾಧನವಲ್ಲ, ಕಮಾಂಡ್ ಓಡಿಸುವುದಷ್ಟೇ ತನ್ನ ಕೆಲಸ ಎಂದು ಮೊದಲೇ ಹೇಳಿಬಿಡುತ್ತದೆ. ಆ ಪ್ರಾಮಾಣಿಕತೆ ನನಗೆ ಹಿಡಿಸಿತು. ಬರಹದ ರೀತಿ ಮೇಕ್‌ನದ್ದೇ, ಫೋನಿಯ ಗೋಜಿಲ್ಲ, ಸ್ಪೇಸ್ ಹಾಕಿದರೂ ನಡೆಯುತ್ತದೆ. ರೆಸಿಪಿಗೆ (ಹೆಸರಿಟ್ಟ ಕಮಾಂಡ್‌ಗಳ ಕಟ್ಟಿಗೆ) ನೇರವಾಗಿ ಮೌಲ್ಯ ಕೊಡಬಹುದು: ‘ಜಸ್ಟ್ ಡಿಪ್ಲಾಯ್ ಸ್ಟೇಜಿಂಗ್’ ಎಂದರೆ ಮುಗಿಯಿತು. ಒಳಗಿನ ಯಾವ ಫೋಲ್ಡರ್‌ನಲ್ಲಿದ್ದರೂ ಮೇಲಕ್ಕೆ ಹುಡುಕಿಕೊಂಡು ಹೋಗಿ ರೆಸಿಪಿಗಳಿರುವ ಜಸ್ಟ್‌ಫೈಲನ್ನು ಹಿಡಿಯುತ್ತದೆ. ಹತ್ತು ಸಾಲಿನ ಪೈಥಾನ್ ತುಣುಕನ್ನೂ ರೆಸಿಪಿಯೊಳಗೇ ಬರೆಯಬಹುದು. ಪ್ರೊಡಕ್ಷನ್ ಡೇಟಾಬೇಸ್ ಮುಟ್ಟುವ ರೆಸಿಪಿಯ ಮೇಲೆ ‘ಕನ್ಫರ್ಮ್’ ಎಂಬ ಗುರುತು ಹಾಕಿದರೆ, ಖಚಿತವೇ ಎಂದು ಕೇಳಿಯೇ ಮುಂದುವರಿಯುತ್ತದೆ.

ಇದೆಲ್ಲಕ್ಕಿಂತ ದೊಡ್ಡ ಲಾಭ ಅದರ ಪಟ್ಟಿ. ‘ಜಸ್ಟ್’ಗೆ ಲಿಸ್ಟ್ ಆಯ್ಕೆ ಕೊಟ್ಟರೆ ಎಲ್ಲ ರೆಸಿಪಿಗಳೂ, ಅವುಗಳ ಮೇಲೆ ಬರೆದ ಟಿಪ್ಪಣಿಗಳೂ ಸಾಲಾಗಿ ಬರುತ್ತವೆ. ಟೆಸ್ಟಿಂಗ್‌ಗೆ ಹೊಸದಾಗಿ ಸೇರಿದ ಹುಡುಗಿ “ಮೇಡಂ, ಟೆಸ್ಟ್ ಸರ್ವರ್‌ಗೆ ಹಾಕುವ ಕಮಾಂಡ್ ಯಾವುದು?” ಎಂದು ಆಗಾಗ ಬಂದು ಕೇಳುತ್ತಿದ್ದಳು. ಪಟ್ಟಿ ತೋರಿಸಿಕೊಟ್ಟ ಮೇಲೆ ಬಂದು ಕೇಳಿದ್ದು ಬೇರೆ ಪ್ರಶ್ನೆ: “ಈ ರೆಸಿಪಿ ಹಳೆಯ ಡೇಟಾವನ್ನು ಯಾಕೆ ಅಳಿಸುವುದಿಲ್ಲ?” ನನ್ನ ಮಟ್ಟಿಗೆ ಅಳತೆಗೋಲು ಇದೇ. ಟಿಪ್ಪಣಿಗಳನ್ನು ಕನ್ನಡದಲ್ಲೇ ಬರೆದು ನೋಡಿದೆವು. ಜಸ್ಟ್ ಸರಿಯಾಗಿಯೇ ಮುದ್ರಿಸುತ್ತದೆ, ಆದರೆ ನಾವು ಬಳಸುವ ಟರ್ಮಿನಲ್‌ಗಳಲ್ಲಿ ಒತ್ತಕ್ಷರಗಳು ಒಡೆದುಹೋಗುತ್ತವೆ. ಅದು ಬೇರೆಯೇ ಪುರಾಣ.

ಟಾಸ್ಕ್ ಈ ಎರಡು ಕೆಲಸಗಳ ನಡುವೆ ನಿಲ್ಲುತ್ತದೆ. ಗೋ ಭಾಷೆಯಲ್ಲಿ ಬರೆದದ್ದು, ನಿಯಮಗಳೆಲ್ಲ ಯಾಮಲ್ ಎಂಬ, ಸೆಟ್ಟಿಂಗ್‌ಗಳನ್ನು ಬರೆಯುವ ಪಠ್ಯರೂಪದಲ್ಲಿ. ಶೆಲ್ ಅರ್ಥಮಾಡಿಕೊಳ್ಳುವ ಶಕ್ತಿ ಅದರೊಳಗೇ ಇರುವುದರಿಂದ ವಿಂಡೋಸ್‌ನಲ್ಲಿ ಬೇರೇನೂ ಹಾಕಿಕೊಳ್ಳದೆ ಓಡುತ್ತದೆ. ಟೆಸ್ಟಿಂಗ್‌ನವರ ಮತ ಪೂರ್ತಿ ಇದರ ಕಡೆಗಿತ್ತು. ಮೂಲ ಫೈಲ್‌ಗಳು ಯಾವುವು, ಹೊರಬರುವುದು ಯಾವುದು ಎಂದು ತಿಳಿಸಿದರೆ ಫೈಲ್‌ಗಳ ಚೆಕ್‌ಸಮ್ (ತಿರುಳಿನಿಂದ ಲೆಕ್ಕ ಹಾಕಿದ ಗುರುತು) ಇಟ್ಟುಕೊಂಡು, ಬದಲಾಗಿರದಿದ್ದರೆ ಕೆಲಸ ಬಿಡುತ್ತದೆ. ಕೋಡ್‌ನ ಆವೃತ್ತಿಗಳನ್ನು ಕಾಯುವ ಗಿಟ್‌ನಲ್ಲಿ ಬ್ರಾಂಚ್ (ಕೋಡ್‌ನ ಕವಲು) ಬದಲಿಸಿ ಹಿಂತಿರುಗಿದಾಗ ಫೈಲ್‌ಗಳ ಸಮಯ ಹೊಸದಾಗಿ, ಮೇಕ್ ವೃಥಾ ಮತ್ತೆ ಕಟ್ಟುತ್ತದೆ. ಟಾಸ್ಕ್ ಆ ಬಲೆಗೆ ಬೀಳುವುದಿಲ್ಲ. ಆದರೆ ಅದರ ಲೆಕ್ಕವೆಲ್ಲ ಇಡೀ ಟಾಸ್ಕ್‌ಗೆ ಸೇರಿದ್ದು. ಕೈಪಿಡಿಯ ಒಂದು ಚಿತ್ರ ಬದಲಾದರೆ ಎಲ್ಲ ಚಿತ್ರಗಳನ್ನೂ ಮತ್ತೆ ಮಾಡುತ್ತದೆ.

ಯಾಮಲ್ ಕಂಡರೆ ನನಗೆ ಅಷ್ಟಕ್ಕಷ್ಟೇ ಎಂಬುದನ್ನೂ ಹೇಳಿಬಿಡಬೇಕು. ಕಮಾಂಡ್‌ನ ನಡುವೆ ಒಂದು ಕೋಲನ್ ಮತ್ತು ಸ್ಪೇಸ್ ಬಂದರೆ ಅರ್ಥವೇ ಬದಲಾಗುತ್ತದೆ. ಜೋಡಿ ಪುಷ್ಪಾವರಣದಿಂದ ({{) ಶುರುವಾಗುವ ಸಾಲಿಗೆ ಉದ್ಧರಣ ಚಿಹ್ನೆ ಹಾಕದಿದ್ದರೆ ಓದಲಾರದು. ಇನ್ನೊಂದು ಎಚ್ಚರ: ಮೊದಲು ಆಗಬೇಕಾದ ಕೆಲಸಗಳ ಪಟ್ಟಿಯಾದ ‘ಡೆಪ್ಸ್’ನಲ್ಲಿ ಹೆಸರಿಸಿದವು ಒಟ್ಟಿಗೇ ಓಡುತ್ತವೆ, ಒಂದರ ಹಿಂದೆ ಒಂದಲ್ಲ. ಡೇಟಾಬೇಸ್ ಎಬ್ಬಿಸುವುದನ್ನೂ ಅದರಲ್ಲಿ ಟೇಬಲ್ ಹುಟ್ಟಿಸುವುದನ್ನೂ ಅಲ್ಲಿ ಅಕ್ಕಪಕ್ಕ ಬರೆಯುವಂತಿಲ್ಲ.

ಬೇಜಲ್ ಇವುಗಳ ಸಾಲಿನದ್ದಲ್ಲ. ಗೂಗಲ್ ತನ್ನೊಳಗೆ ಬ್ಲೇಜ್ ಎಂದು ಬಳಸುತ್ತಿದ್ದುದರ ಮುಕ್ತ ರೂಪ 2015ರಲ್ಲಿ ಹೊರಬಂತು, 1.0 ಆವೃತ್ತಿ 2019ರಲ್ಲಿ. ಫೈಲ್‌ನ ತಿರುಳು, ಕಮಾಂಡ್, ಕಂಪೈಲರ್ ಎಲ್ಲವನ್ನೂ ಹ್ಯಾಶ್ ಮಾಡಿ (ಚೆಕ್‌ಸಮ್‌ನಂಥದೇ ಗುರುತು) ಹೋಲಿಸುವುದರಿಂದ ಮೇಕ್‌ನ ಮರೆವು ಇದಕ್ಕಿಲ್ಲ. ಹೇಳದ ಫೈಲನ್ನು ಕದ್ದು ಓದದಂತೆ ಸ್ಯಾಂಡ್‌ಬಾಕ್ಸ್ ಕಾಯುತ್ತದೆ. ಒಬ್ಬರು ಕಟ್ಟಿದ್ದನ್ನು ಇನ್ನೊಬ್ಬರು ದೂರದ ಕ್ಯಾಶ್‌ನಿಂದ (ಕಟ್ಟಿ ಮುಗಿದದ್ದರ ದಾಸ್ತಾನಿನಿಂದ) ಪಡೆಯಬಹುದು. ಆದರೆ ಕಂಪೈಲರ್‌ಗಳನ್ನೂ ನಿಯಮಗಳ ಕಟ್ಟುಗಳನ್ನೂ ಅದು ತಾನೇ ಇಳಿಸಿಕೊಳ್ಳುವ ಮೊದಲ ಓಟವನ್ನು ಮಳೆಗಾಲದ ಸಂಜೆ ಮನೆಯ ಇಂಟರ್ನೆಟ್‌ನಲ್ಲಿ ಮಾಡಿ ನೋಡಬೇಕು, ತಾಳ್ಮೆಯ ಪರೀಕ್ಷೆ ಅದು. ಫೋಲ್ಡರಿಗೊಂದು ಬಿಲ್ಡ್ ಫೈಲ್ ಬೇಕು. ಗೋ ಭಾಗಕ್ಕೆ ಗೆಜೆಲ್ ಎಂಬ ಸಹಾಯಕ ಸಾಧನ ಅದನ್ನು ಬರೆದುಕೊಡುತ್ತದೆ, ಮಿಕ್ಕದ್ದಕ್ಕೆ ನಾವೇ ಕೂರಬೇಕು. 2024ರ ಡಿಸೆಂಬರ್‌ನಲ್ಲಿ ಬಂದ 8ನೇ ಆವೃತ್ತಿಯಲ್ಲಿ ಹೊರಗಿನ ಕೋಡನ್ನು ಹೆಸರಿಸುವ ಹಳೆಯ ವರ್ಕ್‌ಸ್ಪೇಸ್ ಪದ್ಧತಿ ತಾನಾಗಿ ಕೆಲಸ ಮಾಡುವುದನ್ನು ನಿಲ್ಲಿಸಿದ್ದರಿಂದ, ಹುಡುಕಿದರೆ ಸಿಗುವ ಮಾರ್ಗದರ್ಶಿಗಳಲ್ಲಿ ಹಲವು ಈಗ ದಾರಿ ತಪ್ಪಿಸುತ್ತವೆ. ಬಿಲ್ಡ್ ನೋಡಿಕೊಳ್ಳಲೆಂದೇ ಪ್ರತ್ಯೇಕ ತಂಡವಿರುವ ಹೊರ ವರ್ತುಲ ರಸ್ತೆಯ ದೊಡ್ಡ ಕ್ಯಾಂಪಸ್‌ಗೆ ಇದು ಸರಿ. ನಮಗೆ ನಾಲ್ಕು ಜನರ ಸಾರು ಮಾಡಲು ಛತ್ರದ ಹಂಡೆ ತಂದಂತಾಗಿತ್ತು.

ಆಂಡ್ರಾಯ್ಡ್ ಆ್ಯಪ್ ಕಟ್ಟುವ ಗ್ರೇಡಲ್ ಮತ್ತು ವೆಬ್ ಭಾಗದ ಎನ್‌ಪಿಎಂ ಸ್ಕ್ರಿಪ್ಟ್‌ಗಳನ್ನು ನಾನು ಸ್ಪರ್ಧೆಗೆ ಇಳಿಸಲೇ ಇಲ್ಲ. ಆಂಡ್ರಾಯ್ಡ್‌ಗೆ ಗ್ರೇಡಲ್ ಬಿಟ್ಟು ಬೇರೆ ದಾರಿ ಹಿಡಿಯುವುದು ಸುಮ್ಮನೆ ಮೈಮೇಲೆ ಎಳೆದುಕೊಂಡ ಕಷ್ಟ. ಕೆಲಸ ಮುಗಿದ ಮೇಲೂ ಅದರ ಡೀಮನ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) ಮೂರು ಗಂಟೆ ಮೆಮೊರಿ ಹಿಡಿದು ಕೂತಿರುತ್ತದೆ, ಅಷ್ಟೇ. ಎನ್‌ಪಿಎಂ ಸ್ಕ್ರಿಪ್ಟ್‌ಗಳಿರುವ ಪ್ಯಾಕೇಜ್ ಫೈಲ್ ಜೇಸನ್ ರೂಪದ್ದಾದ್ದರಿಂದ ಅದರಲ್ಲಿ ಟಿಪ್ಪಣಿ ಬರೆಯುವಂತಿಲ್ಲ. ವೆಬ್ ಫೋಲ್ಡರ್‌ನ ಒಳಗಿನ ಚಿಕ್ಕ ಕೆಲಸಗಳಿಗೆ ಸಾಕು.

ಗೋ ಕಂಪೈಲರ್‌ಗೂ ಗ್ರೇಡಲ್‌ಗೂ ಅವುಗಳದ್ದೇ ಕ್ಯಾಶ್ ಇದೆ. ಏನು ಬದಲಾಗಿದೆ ಎಂಬುದು ಅವಕ್ಕೆ ನಮಗಿಂತ ಚೆನ್ನಾಗಿ ಗೊತ್ತು. ಆದ್ದರಿಂದ ಮೇಲೆ ನಿಲ್ಲುವ ಸಾಧನ ಮತ್ತೆ ಅದೇ ಲೆಕ್ಕ ಹಾಕಬೇಕಾಗಿಲ್ಲ, ಕರೆದರೆ ಸಾಕು. ನಮ್ಮ ರೆಪೊದ ಬೇರಿನಲ್ಲಿ ಈಗ ಜಸ್ಟ್‌ಫೈಲ್ ಇದೆ. ಕೈಪಿಡಿಯ ಫೋಲ್ಡರ್‌ನಲ್ಲಿ ಮೇಕ್‌ಫೈಲ್ ಹಾಗೆಯೇ ಉಳಿದಿದೆ, ಜಸ್ಟ್ ಅದನ್ನು ಕರೆಯುತ್ತದೆ. ತಂಡದ ಬಹುಪಾಲು ಜನ ವಿಂಡೋಸ್‌ನಲ್ಲಿದ್ದಿದ್ದರೆ ಯಾಮಲ್ ಸಹಿಸಿಕೊಂಡು ಟಾಸ್ಕ್ ಆರಿಸುತ್ತಿದ್ದೆ.

ಜಸ್ಟ್‌ನಲ್ಲಿ ನನಗೆ ಕಾಣುವ ಕೊರತೆ, ಗ್ರೇಡಲ್‌ಗಿರುವಂಥ ರ‍್ಯಾಪರ್ ಇಲ್ಲದಿರುವುದು. ಗ್ರೇಡಲ್‌ನಲ್ಲಿ ಆವೃತ್ತಿ ರೆಪೊದೊಳಗೇ ನಮೂದಾಗಿರುತ್ತದೆ, ಹೊಸಬರ ಲ್ಯಾಪ್‌ಟಾಪ್‌ನಲ್ಲಿ ಜಾವಾ ಇದ್ದರೆ ಉಳಿದದ್ದನ್ನು ರ‍್ಯಾಪರ್ ತಾನೇ ತರುತ್ತದೆ. ಜಸ್ಟನ್ನು ಪ್ರತಿಯೊಬ್ಬರೂ ಹಾಕಿಕೊಳ್ಳಬೇಕು. ಹಾಗಾಗಿ ಸೆಟಪ್ ಸ್ಕ್ರಿಪ್ಟ್‌ನಲ್ಲೂ ಸಿಐನಲ್ಲೂ ಒಂದೇ ಆವೃತ್ತಿ ಸಂಖ್ಯೆ ಬರೆದಿಟ್ಟಿದ್ದೇವೆ. ವಿಂಡೋಸ್‌ನವರು ಗಿಟ್‌ನೊಂದಿಗೆ ಬರುವ ಶೆಲ್ ಬಳಸಿ ಓಡಿಸುತ್ತಿದ್ದಾರೆ. ಫೈಲ್ ಪಾತ್‌ಗಳ ಓರೆಗೆರೆ ತಿರುಗುಮುರುಗಾಗುವ ತಕರಾರು ಅಲ್ಲಿ ಇನ್ನೂ ಒಂದೆರಡು ರೆಸಿಪಿಗಳಲ್ಲಿ ಉಳಿದಿದೆ.